ಪೆಟ್ಟಿಗೆಯಲ್ಲಿ ಇದ್ದದ್ದು ಕಾಳುಮೆಣಸು

ಟಿವಿಯನ್ನು ಎಸ್ಟೇಟಿನ ಸ್ಟೋರಿನಲ್ಲಿ ಇಟ್ಟಿದ್ದರು. ಇದರಲ್ಲಿ ನನಗೆ ಅನುಮಾನವಿಲ್ಲ. ಅದು ಕಾಫಿ ಚೀಲಗಳ ಮೇಲಿತ್ತೋ ಮೆಣಸಿನ ಚೀಲಗಳ ಮೇಲಿತ್ತೋ ಎಂಬುದರಲ್ಲಿ ಅನುಮಾನವಿದೆ. ಹಿಂದೊಮ್ಮೆ ಗೆಳತಿಯೊಬ್ಬಳಿಗೆ ಇದನ್ನು ಹೇಳುವಾಗ ಹೊರಗೆ ಮಳೆ ಸುರಿಯುತ್ತಿತ್ತು ಎಂದೂ ಸೇರಿಸಿದ್ದೆ. ಮಳೆ ಇರಲಿಲ್ಲ. ಮೆಣಸು ಕಣದಲ್ಲಿ ಒಣಗುವ ದಿನಗಳವು. ಮಳೆ ಬಂದಿದ್ದರೆ ಯಾರೂ ಸಿನಿಮಾ ನೋಡುತ್ತ ಕೂರುತ್ತಿರಲಿಲ್ಲ, ಎಲ್ಲರೂ ಟಾರ್ಪಾಲು ಹಿಡಿದು ಓಡುತ್ತಿದ್ದರು. ಕಥೆಗೆ ಮಳೆ ಚೆನ್ನಾಗಿರುತ್ತದೆ ಎಂದು ನಾನೇ ಸುರಿಸಿಕೊಂಡಿದ್ದೆ. ಹೀಗೆ ಇನ್ನೆಷ್ಟನ್ನು ಸುರಿಸಿಕೊಂಡಿದ್ದೇನೋ ಗೊತ್ತಿಲ್ಲ, ಆದ್ದರಿಂದ ಓದುವವರು ಸ್ವಲ್ಪ ಎಚ್ಚರಿಕೆಯಿಂದಿರುವುದು ಒಳ್ಳೆಯದು.

ಆಗ ನನಗೆ ಏಳು ವರ್ಷ. ಆ ವರ್ಷ ತಮ್ಮ ಹುಟ್ಟಿದ್ದರಿಂದ ನನ್ನನ್ನು ಕುಂದೂರಿನ ಕಡೆಯ ನಮ್ಮ ಊರಿನಿಂದ ಕರೆತಂದು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪ ಹಾನುಬಾಳಿನಿಂದಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹೆಸರು ಕೂಗುವುದು, ಯಾರು ಯಾವ ತೋಟಕ್ಕೆ ಎಂದು ಹಂಚುವುದು, ಸ್ಟೋರಿನ ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ತಿರುಗುವುದು ಅವರ ಕೆಲಸ. ಹದಿನೈದು ದಿನಕ್ಕೊಮ್ಮೆ ಸಾಹುಕಾರರಿಗೆ ಇಂಗ್ಲಿಷಿನಲ್ಲಿ ಒಂದು ರಿಪೋರ್ಟ್ ಬರೆಯುವುದೂ ಇತ್ತು. ಆ ರಿಪೋರ್ಟಿನಲ್ಲಿ ಬರುವ ಇಂಗ್ಲಿಷ್ ಅಷ್ಟೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಮಳೆ ಎಷ್ಟು ಬಿತ್ತು, ಗೊಬ್ಬರ ಯಾವಾಗ ಕೊಟ್ಟದ್ದು, ಆಳುಗಳು ಎಷ್ಟು ಜನ ಬಂದರು, ಯಾಕೆ ಬರಲಿಲ್ಲ. ಅದರಾಚೆಗಿನ ಇಂಗ್ಲಿಷಿನ ಗೊಡವೆಗೆ ಅವರು ಹೋಗಿರಲಿಲ್ಲ. ಹೋಗಬೇಕಾದ ಪ್ರಸಂಗವೂ ಆ ಮಧ್ಯಾಹ್ನದವರೆಗೆ ಬಂದಿರಲಿಲ್ಲ.

ಅವತ್ತು ಎಸ್ಟೇಟಿಗೆ ರಜೆ. ಮಧ್ಯಾಹ್ನ ಟಿವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ಹಾಕುತ್ತಾರೆ, ಕಡಲ್ಗಳ್ಳರದು, ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕೂತು ನೋಡುವಂಥದು ಎಂದು ಯಾರಿಂದಲೋ ಸುದ್ದಿ ಬಂದಿತ್ತು. ದೊಡ್ಡಪ್ಪನ ಬಳಿ ಒಂದು ಪುಟ್ಟ ಕಪ್ಪು ಬಿಳುಪು ಟಿವಿ ಇತ್ತು. ಕರೆಂಟು ಯಾವಾಗಲೂ ಇರುತ್ತಿರಲಿಲ್ಲವಾದ್ದರಿಂದ ಅದನ್ನು ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕಿ ನೋಡುತ್ತಿದ್ದರು. ಹೊರಗೆ ಬೆಳಕು ಜಾಸ್ತಿ, ಚಿತ್ರ ಕಾಣುವುದಿಲ್ಲವೆಂದು ಅದನ್ನು ಸ್ಟೋರಿನೊಳಗೆ ತಂದಿಟ್ಟರು. ಆಳುಗಳು ಇರುವ ಲೈನಿನ ಮನೆಗಳಿಂದ ಜನ ಬಂದು ಚೀಲಗಳ ಮೇಲೆ, ಕೆಳಗೆ, ತೂಕದ ಮಾಪಕದ ಮೇಲೆ ಎಲ್ಲ ಕೂತರು. ದೊಡ್ಡಮ್ಮ ಬಾಗಿಲ ಬಳಿ ಮೊರ ಇಟ್ಟುಕೊಂಡು ಕೂತಿದ್ದರು. ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಆಗ ಹನ್ನೆರಡು ವರ್ಷದವನು, ಸ್ಟೋರಿನ ಹೆಂಚಿನ ಮೇಲೆ ಆಂಟೆನಾ ಹಿಡಿದು ನಿಂತಿದ್ದ. ಹೀಗಾಗಿ ಅವನು ಆ ಸಿನಿಮಾವನ್ನು ಪೂರ್ತಿ ಕೇಳಿದ, ಒಂದು ಚೂರೂ ನೋಡಲಿಲ್ಲ.

ಸಿನಿಮಾ ಶುರುವಾಯಿತು. ಒಂದು ಹಡಗು, ಗರಿ ಸಿಕ್ಕಿಸಿದ ಟೋಪಿಯ ಒಬ್ಬ ಕ್ಯಾಪ್ಟನ್, ಹಡಗಿನಲ್ಲಿ ಕದ್ದು ಕೂತ ಅಣ್ಣ ತಂಗಿ, ಅವರ ಬಳಿ ಒಂದು ನಕ್ಷೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಹತ್ತು ನಿಮಿಷ ಸುಮ್ಮನಿದ್ದ ಜನ ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು.

"ಏನಂತೆ ರೈಟ್ರೇ?" ಎಂದ ಮೇಸ್ತ್ರಿ. ಮೇಸ್ತ್ರಿ ಎಂದರೆ ಆಳುಗಳ ಮೇಲೆ ನಿಂತು ಕೆಲಸ ಮಾಡಿಸುವವನು. ಘಟ್ಟದ ಕೆಳಗಿನಿಂದ ಬಂದವನು, ಅಲ್ಲಿದ್ದವರಲ್ಲಿ ಸಮುದ್ರ ನೋಡಿದ್ದವನು ಅವನೊಬ್ಬನೇ.

ಕ್ಯಾಪ್ಟನ್ ಆಗಷ್ಟೇ ಕತ್ತಿ ಬೀಸುತ್ತ ಎರಡು ನಿಮಿಷ ಅರಚಿದ್ದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ನಾಳೆ ಬೆಳಿಗ್ಗೆ ಎಲ್ರೂ ಟೈಮಿಗೆ ಸರ್ಯಾಗಿ ಕೆಲಸಕ್ಕೆ ಬರ್ಬೇಕು ಅಂತವ್ನೆ" ಎಂದರು.

"ಅಷ್ಟುದ್ದ ಬಡ್ಕಂಡಿದ್ದು ಇಷ್ಟೇನಾ?"

"ಇಂಗ್ಲಿಷು ಹಂಗೇ ಕಣಯ್ಯ. ಉದ್ದ ಜಾಸ್ತಿ, ಒಳಗೆ ಕಮ್ಮಿ."

ಅಲ್ಲಿಂದ ಮುಂದೆ ಸಿನಿಮಾ ದೊಡ್ಡಪ್ಪನ ಕೈಗೆ ಹೋಯಿತು. ಕ್ಯಾಪ್ಟನ್ ಸಾಹುಕಾರನಾದ. ಕ್ಯಾಪ್ಟನ್ನಿನ ಬಲಗೈ ಬಂಟ ಮೇಸ್ತ್ರಿಯಾದ. ಹಡಗಿನವರು ದಂಗೆ ಎದ್ದಾಗ, "ಆಳುಗಳು ಗೊಬ್ಬರ ಹೊರಾಕಾಗಲ್ಲ ಅಂತ ಕೂತವ್ರೆ" ಎಂದರು. ಹಡಗಿನಲ್ಲಿ ಗೊಬ್ಬರ ಯಾಕೆ ಎಂದು ಯಾರೂ ಕೇಳಲಿಲ್ಲ. ನಡುವೆ ಪರದೆಯೆಲ್ಲ ಬಿಳಿ ಚುಕ್ಕೆಯಾಗಿ ಜುಳುಜುಳು ಎಂದಾಗ ಮಾತ್ರ ಮೇಸ್ತ್ರಿ ಅಡ್ಡ ಬಂದ.

"ರೈಟ್ರೇ, ಸಮುದ್ರ ಇಷ್ಟು ಬೆಳ್ಳಗಿರಲ್ಲ. ನಾನು ನೋಡಿವ್ನಿ."

"ಅದು ಸಮುದ್ರ ಅಲ್ಲ ಮಾರಾಯ, ಆಂಟೆನಾ ತಿರುಗ್ಬುಟ್ಟೈತೆ" ಎಂದು ಹೇಳಿ ದೊಡ್ಡಪ್ಪ ಹೆಂಚಿನ ಕಡೆ ಮುಖ ಎತ್ತಿ ಕೂಗಿದರು, "ಲೇ, ಎತ್ಲಾಗೆ ತಿರುಗ್ಸಿದ್ಯೋ? ವಾಪಸ್ ತಿರುಗ್ಸು."

"ಬಂತಾ?" ಮೇಲಿನಿಂದ ಅಣ್ಣ.

"ಇಲ್ಲ."

"ಈಗ?"

"ಹಡಗು ಬಂತು, ಜನ ಬಂದಿಲ್ಲ. ಇನ್ನೊಂಚೂರು."

ಕೊನೆಗೆ ದ್ವೀಪ ಬಂತು. ನಕ್ಷೆ ನೋಡಿ ಅಗೆದರು. ಪೆಟ್ಟಿಗೆ ಸಿಕ್ಕಿತು. ಮುಚ್ಚಳ ಎತ್ತಿದರು. ಒಳಗೆ ಗಂಟಲವರೆಗೆ ತುಂಬಿದ್ದ, ಸಣ್ಣಗೆ ಗುಂಡಗೆ ಕಪ್ಪಗೆ ಕಾಣುವ ಏನೋ ಇತ್ತು. ಕ್ಯಾಪ್ಟನ್ ಎರಡೂ ಕೈಯಲ್ಲಿ ಮೊಗೆದು ಬೆರಳ ಸಂದಿಯಿಂದ ಸುರಿದ. ದೊಡ್ಡಪ್ಪ ಹೇಳಿದರು, "ಮೆಣಸು."

ನನ್ನ ನೆನಪಿನಲ್ಲಿ ಇದು ಇಷ್ಟೇ ಸ್ಪಷ್ಟವಾಗಿದೆ. ದೊಡ್ಡಪ್ಪ ಹೇಳಿದರು, "ಮೆಣಸು." ಯಾರೂ ನಗಲಿಲ್ಲ. ನಗುವುದಕ್ಕೆ ಏನಿತ್ತು? ಆಮೇಲೆ ಒಬ್ಬ ಕಳ್ಳ ಪೆಟ್ಟಿಗೆಯಿಂದ ಒಂದೇ ಒಂದನ್ನು ಎತ್ತಿಕೊಂಡು ಬಾಯಿಗೆ ಹಾಕಿ ಹಲ್ಲಿನಿಂದ ಕಚ್ಚಿದ. ಅಲ್ಲಿಗೆ ಎಲ್ಲರ ಸಂಶಯವೂ ಮುಗಿಯಿತು. ಮೆಣಸು ಒಣಗಿದೆಯೋ ಇಲ್ಲವೋ ಎಂದು ನೋಡುವುದು ಹಾಗೇ ತಾನೆ? ಕಣದಿಂದ ಒಂದು ಕಾಳು ಹೆಕ್ಕಿ ಹಲ್ಲಿಗೆ ಕೊಡಬೇಕು. ಟಕ್ ಎಂದರೆ ಒಣಗಿದೆ, ಚೀಲಕ್ಕೆ ತುಂಬಬಹುದು. ಮೆತ್ತಗಿದ್ದರೆ ಇನ್ನೊಂದು ಬಿಸಿಲು ಬೇಕು. ಆ ವಾರ ಎಸ್ಟೇಟಿನಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಹತ್ತು ಸಲ ಅದನ್ನೇ ಮಾಡುತ್ತಿದ್ದರು. ಕಡಲ್ಗಳ್ಳನೂ ಮಾಡಿದ. ಕಸುಬು ಗೊತ್ತಿರುವ ಮನುಷ್ಯ ಎಂದು ಮೇಸ್ತ್ರಿ ತಲೆದೂಗಿದ.

ಅಷ್ಟರಲ್ಲಿ ಬ್ಯಾಟರಿ ಇಳಿಯಿತು. ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಸರಿಯುತ್ತ ಬಂದು, ಅಂಗೈಯಷ್ಟಾಗಿ, ಒಂದು ಚುಕ್ಕೆಯಾಗಿ ನಿಂತು ಹೋಯಿತು. ಜನ ಏಳಲಿಲ್ಲ.

"ಮುಂದೇನಾತು ರೈಟ್ರೇ?"

ದೊಡ್ಡಪ್ಪ ಆರಿಹೋದ ಟಿವಿಯನ್ನೊಮ್ಮೆ ನೋಡಿದರು. ಆಮೇಲೆ ಮುಂದಿನ ಕಥೆಯನ್ನು ಹೇಳತೊಡಗಿದರು. ಮುಕ್ಕಾಲು ಗಂಟೆ ಹೇಳಿದರು. ಯಾರೂ ಅವರ ಮುಖ ನೋಡಲಿಲ್ಲ, ಟಿವಿಯನ್ನೇ ನೋಡುತ್ತ ಕೇಳಿದರು.

"ಮಣ್ಣಲ್ಲಿ ಹೂತಿಟ್ರೆ ಬೂಷ್ಟು ಹಿಡಿಯಲ್ವ?" ಎಂದು ಮೇಸ್ತ್ರಿ ಕೇಳಿದ.

"ಅದ್ಕೇ ಪೆಟ್ಗೆ ಒಳಗಡೆ ಮೇಣ ಬಳ್ದಿದ್ರು. ನೀನು ನೋಡ್ಲಿಲ್ವ?"

"ಕಾಣ್ಲಿಲ್ಲ."

"ಆಂಟೆನಾ ಸರಿಯಿದ್ದಿದ್ರೆ ಕಾಣ್ತಿತ್ತು."

"ಯಾವ ತೋಟದ್ದು ರೈಟ್ರೇ ಮೆಣಸು?" ಬಾಗಿಲ ಕಡೆಯಿಂದ ಒಬ್ಬ ಹೆಂಗಸು ಕೇಳಿದಳು.

ದೊಡ್ಡಪ್ಪ ಸ್ವಲ್ಪ ಯೋಚಿಸಿದರು. "ನಮ್ಮ ಕಡೇದೇ ಕಣವ್ವ. ಘಟ್ಟದಿಂದ ಇಳಿಸಿ ಹಡಗಿಗೆ ತುಂಬಿದ್ದು. ದಾರೀಲಿ ಈ ನನ್ಮಕ್ಳು ಹೊಡ್ಕಂಡು ಹೋದ್ರು."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮೆಣಸಿಗಾಗಿಯೇ ಸಮುದ್ರ ದಾಟಿ ಬಂದವರು, ದಾರಿಯಲ್ಲಿ ಅದನ್ನು ದೋಚಿದವರು ಇದ್ದರೆಂದು ಆಮೇಲೆ ಇತಿಹಾಸದ ಪುಸ್ತಕದಲ್ಲಿ ಓದಿದೆ. ಓದುವಾಗ ಪರಿಚಯದವರ ಸುದ್ದಿ ಓದಿದಂತಾಯಿತು. ಆ ಸಂಜೆ ಲೈನಿನ ಹೆಂಗಸರು ಕಣದ ಪಕ್ಕದಲ್ಲಿ ಹಾದುಹೋಗುವಾಗ ಮೆಣಸಿನ ರಾಶಿಯನ್ನು ಬೇರೆ ಥರ ನೋಡಿದರು ಎಂದು ಬರೆಯಬೇಕೆನಿಸುತ್ತದೆ. ನಿಜವಾಗಿ ನೋಡಿದರೋ ಇಲ್ಲವೋ ತಿಳಿಯದು. ನಾನಂತೂ ನೋಡಿದೆ.

ಕಾಲೇಜಿಗೆಂದು ಹಾಸನದ ಹಾಸ್ಟೆಲಿನಲ್ಲಿದ್ದಾಗ ಆ ಸಿನಿಮಾ ಮತ್ತೆ ಸಿಕ್ಕಿತು. ಈ ಸಲ ಬಣ್ಣದ ಟಿವಿ. ಗರಿಯ ಟೋಪಿ ಕಂಡ ಕೂಡಲೇ ಗುರುತು ಹಿಡಿದೆ. ಪೆಟ್ಟಿಗೆ ತೆರೆದುಕೊಂಡಿತು. ಚಿನ್ನದ ನಾಣ್ಯ. ಪರದೆ ತುಂಬ ಹಳದಿ. ಪಕ್ಕದಲ್ಲಿ ಕೂತವಳನ್ನು "ಇದು ಮೆಣಸಲ್ಲವಾ?" ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ನೋಡಿದ ನೋಟ ಇಂದಿಗೂ ಹಾಗೇ ಇದೆ, ಅದರಲ್ಲಿ ನಾನು ಏನನ್ನೂ ಸೇರಿಸಿಲ್ಲ. ನನಗೆ ನಾಚಿಕೆಯಾಯಿತು. ನನ್ನ ಬಗ್ಗೆಯೋ ದೊಡ್ಡಪ್ಪನ ಬಗ್ಗೆಯೋ ಗೊತ್ತಾಗಲಿಲ್ಲ. ಅದೊಂದು ಕಾದಂಬರಿಯಿಂದ ಮಾಡಿದ ಸಿನಿಮಾ ಎಂದು ತಿಳಿದು, ಲೈಬ್ರರಿಯಲ್ಲಿ ಆ ಕಾದಂಬರಿ ಹುಡುಕಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಅಲ್ಲಿ ಪೆಟ್ಟಿಗೆ ತೆರೆಯುವುದೇ ಇಲ್ಲ. ಅಣ್ಣ ತಂಗಿ ಗುದ್ದಲಿ ಪೆಟ್ಟಿಗೆಗೆ ತಾಗಿದ ಸದ್ದು ಕೇಳುತ್ತಾರೆ, ಅಧ್ಯಾಯ ಮುಗಿಯುತ್ತದೆ, ಮುಂದಿನ ಅಧ್ಯಾಯದಲ್ಲಿ ಹಡಗು ವಾಪಸು ಹೊರಟಿರುತ್ತದೆ. ಬರೆದವನು ಪೆಟ್ಟಿಗೆ ಮುಚ್ಚಿಟ್ಟಿದ್ದ. ಸಿನಿಮಾದವರು ತೆರೆದು ಚಿನ್ನ ತುಂಬಿದರು, ದೊಡ್ಡಪ್ಪ ಮೆಣಸು ತುಂಬಿದರು. ಹೀಗೆಂದು ನನ್ನಷ್ಟಕ್ಕೆ ವಾದ ಹೂಡಿಕೊಂಡೆ. ವಾದ ಚೆನ್ನಾಗಿತ್ತು. ಆದರೂ ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ಬಾಯಿ ಬಿಡಲಿಲ್ಲ. ಅವರು ಆ ಹೊತ್ತಿಗೆ ಎಸ್ಟೇಟಿನಲ್ಲಿ, ನೆಂಟರಲ್ಲಿ, ಹುಟ್ಟಿದ ಪ್ರತಿ ಮಗುವಿಗೂ ಆ ಕಥೆ ಹೇಳುತ್ತಿದ್ದರು. ಕಥೆ ವರ್ಷ ವರ್ಷ ಬೆಳೆದಿತ್ತು. ಮೆಣಸು ಮಾತ್ರ ಹಾಗೇ ಇತ್ತು.

ಈಗ ಕಳೆದ ಫೆಬ್ರವರಿಗೆ ಬರುತ್ತೇನೆ.

ನಾನು ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ನಕ್ಷೆಗಳ ಜೊತೆ ಕೆಲಸ ಮಾಡುತ್ತೇನೆ. ದೊಡ್ಡಪ್ಪ ಎಸ್ಟೇಟಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಅಣ್ಣ ಹಾನುಬಾಳಿನಲ್ಲಿ ಜೀಪ್ ಓಡಿಸುತ್ತಾನೆ. ಪೇಟೆಯ ಹತ್ತಿರವೇ ಅವನ ಮನೆ, ಹಿಂದೆ ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅಂಗಳದಲ್ಲಿ ಸಣ್ಣ ಕಣ. ಆ ಭಾನುವಾರ ಬಸ್ಸಿಳಿದು ಗೇಟು ದಾಟುವಷ್ಟರಲ್ಲೇ ಅಣ್ಣನ ಮಗಳು ಎದುರಿಗೆ ಓಡಿ ಬಂದಳು. ಹತ್ತು ವರ್ಷದವಳು, ನನ್ನನ್ನು ಅತ್ತೆ ಎನ್ನುತ್ತಾಳೆ.

"ಅತ್ತೆ, ಅವತ್ತು ಸ್ಟೋರಲ್ಲಿ ನೀವೂ ಸಿನಿಮಾ ನೋಡಿದ್ರಿ ಅಲ್ವ? ಪೆಟ್ಟಿಗೇಲಿ ಮೆಣಸೇ ತಾನೆ ಇದ್ದಿದ್ದು?"

"ಹೂಂ" ಎಂದೆ. ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ವಿಷಯ ಇಷ್ಟು. ಅವಳು ಕ್ಲಾಸಿನಲ್ಲಿ ತಾತನ ಕಥೆ ಹೇಳಿದ್ದಳು. ಅವಳ ಬೆಂಚಿನಲ್ಲಿ ಕೂರುವ ಹುಡುಗಿ, ಅದು ಮೆಣಸಲ್ಲ, ಚಿನ್ನ, ನಿಮ್ಮ ತಾತ ರೀಲು ಬಿಡ್ತಾರೆ ಅಂದಿದ್ದಳು. ನಮ್ಮ ತಾತ ಸುಳ್ಳು ಹೇಳಲ್ಲ ಎಂದು ಇವಳು ಜಗಳ ಆಡಿ, ಸೋಮವಾರ ಬಂದು ಹೇಳ್ತೀನಿ ನೋಡು ಎಂದು ಬಂದಿದ್ದಳು. ಶನಿವಾರ ಪೂರ್ತಿ ಹುಡುಕಿ ಆ ಸಿನಿಮಾವನ್ನು ಟಿವಿಯಲ್ಲಿ ಕಂಡುಹಿಡಿದೂ ಇದ್ದಳು. ಈಗ ಅದನ್ನು ಡಬ್ ಮಾಡಿ ಎಲ್ಲರೂ ಕನ್ನಡದಲ್ಲೇ ಮಾತಾಡುವ ಹಾಗೆ ಮಾಡಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮನೆಯವರೆಲ್ಲ ಕೂತು ನೋಡುವುದು ಎಂದು ತೀರ್ಮಾನವಾಗಿತ್ತು.

"ತಾತಂಗೆ ಹೇಳಿದ್ಯಾ, ಅವಳು ಹಂಗಂದ್ಲು ಅಂತ?"

"ಹೇಳಿದೆ. ನಕ್ರು. ನೋಡಾಣ ಬಾ ಅಂದ್ರು."

ಒಳಗೆ ದೊಡ್ಡಪ್ಪ ಕುರ್ಚಿಯಲ್ಲಿ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿ ಮೂರು ತಿಂಗಳಾಗಿತ್ತು. "ಬಾರವ್ವ. ನಿನ್ನ ಸೀರೆ ಇಷ್ಟು ಹಸ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಹಳೆಯ ಕಣ್ಣಾಗಿದ್ದರೆ ಹೇಗೋ ದಾಟಿಸಬಹುದಿತ್ತು.

ಊಟಕ್ಕೆ ಕೂತಾಗಿನಿಂದ ನನಗೆ ಒಂದೇ ಯೋಚನೆ. ಪೆಟ್ಟಿಗೆ ತೆರೆಯಬಾರದು. ಎಂಬತ್ತು ದಾಟಿದ ಮನುಷ್ಯ ಮೊಮ್ಮಗಳ ಮುಂದೆ ಸುಳ್ಳುಗಾರನಾಗಬಾರದು. ಅವಳು ಅವರನ್ನು ನೋಡುವ ನೋಟ ಇದೆಯಲ್ಲ, ಅದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮುಗಿದು ಹೋಗುತ್ತದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಮೊದಲು ಬಳ್ಳಿ ನೋಡೋಣ ಬಾ ಎಂದು ಹುಡುಗಿಯನ್ನು ಹಿತ್ತಲಿಗೆ ಕರೆದೆ. ಸಿನಿಮಾ ಆದ ಮೇಲೆ ಎಂದಳು. ಸಕಲೇಶಪುರಕ್ಕೆ ಹೋಗಿ ಐಸ್‌ಕ್ರೀಮ್ ತಿನ್ನೋಣವಾ ಎಂದೆ. "ಅತ್ತೆ, ನಿಮಗೆ ನೋಡಕ್ಕೆ ಇಷ್ಟ ಇಲ್ವ?" ಎಂದು ಅನುಮಾನದಿಂದ ನೋಡಿದಳು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ವರಾಂಡದಲ್ಲಿದ್ದ ಮೀಟರ್ ಬೋರ್ಡಿನ ಸ್ವಿಚ್ಚು ಇಳಿಸಿಬಿಟ್ಟೆ. ತಾಲ್ಲೂಕು ಕಚೇರಿಯ ನೌಕರಳೊಬ್ಬಳು ಭಾನುವಾರ ಮಾಡುವ ಕೆಲಸವಲ್ಲ ಅದು.

"ಕರೆಂಟು ಹೋಯ್ತಲ್ಲ" ಎಂದು ನಾನೇ ಮೊದಲು ಹೇಳಿದೆ. ಸ್ವಲ್ಪ ಬೇಗ ಹೇಳಿದೆ.

ಅಣ್ಣ ಕಿಟಕಿಯಿಂದ ಪಕ್ಕದ ಮನೆ ನೋಡಿದ. "ಅವ್ರ ಮನೇಲಿ ಮಿಕ್ಸಿ ತಿರುಗ್ತಾ ಐತೆ." ವರಾಂಡಕ್ಕೆ ಹೋಗಿ ಸ್ವಿಚ್ಚು ಮೇಲೆತ್ತಿ ಬಂದ. ಬಂದು ನನ್ನನ್ನು ದಿಟ್ಟಿಸಿ ನೋಡಿದ. "ಮಾರಾಯ್ತಿ, ನಾನು ಹೆಂಚಿನ ಮೇಲೆ ನಿಂತು ಕೇಳಿದ್ದು ಈ ಸಿನಿಮಾನ. ಮೂವತ್ತು ವರ್ಷದ ಮೇಲಾಯ್ತು. ಇವತ್ತಾದ್ರೂ ನೋಡಕ್ಕೆ ಬುಡು."

ಸಿನಿಮಾ ಶುರುವಾಯಿತು. ಅತ್ತಿಗೆ ಒಂದು ಮೂಲೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತರು. ದೊಡ್ಡಮ್ಮ ಬಾಗಿಲ ಬಳಿ ಮೊರದಲ್ಲಿ ಮೆಣಸು ಹಾಕಿಕೊಂಡು ಕಡ್ಡಿ ಆರಿಸುತ್ತಿದ್ದರು. ಸ್ಟೋರಿನಲ್ಲೂ ಅವರು ಬಾಗಿಲ ಬಳಿಯೇ ಮೊರ ಇಟ್ಟುಕೊಂಡು ಕೂತಿದ್ದರು ಎಂದು ಮೇಲೆ ಬರೆದಿದ್ದೇನೆ. ಈ ದಿನದ ಮೊರವನ್ನು ಆ ದಿನಕ್ಕೆ ಸಾಗಿಸಿಬಿಟ್ಟೆನೋ ಏನೋ. ಹೊಡೆದು ಹಾಕುವುದಿಲ್ಲ, ಇರಲಿ.

ಗರಿಯ ಟೋಪಿಯ ಕ್ಯಾಪ್ಟನ್ ಅಚ್ಚ ಗ್ರಂಥದ ಕನ್ನಡದಲ್ಲಿ, "ಎಲೈ ನಾವಿಕರೇ, ಲಂಗರನ್ನು ಮೇಲೆತ್ತಿರಿ" ಎಂದ.

"ಇವನ್ಯಾಕೆ ಹಿಂಗ್ ಮಾತಾಡ್ತಾನೆ?" ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. "ಹಡಗಿನೋನೋ, ನಾಟಕದೋನೋ?"

"ನೀವು ಹೇಳ್ದಾಗ ನಾಳೆ ಕೆಲಸಕ್ಕೆ ಬರ್ಬೇಕು ಅಂದಿದ್ದ" ಎಂದ ಅಣ್ಣ. "ಮೇಲಿನಿಂದ ಕೇಳಿಸ್ಕಂಡಿದ್ದೆ."

"ಎರಡೂ ಒಂದೇ ಕಣೋ. ಕೆಲಸ ಮಾಡ್ರೋ ಅಂತ."

ನಗು ಬಂದರೂ ನನಗೆ ಕೂರಲಾಗಲಿಲ್ಲ. ದ್ವೀಪ ಹತ್ತಿರವಾಗುತ್ತಿತ್ತು. ಹುಡುಗಿ ತಾತನ ಕಾಲ ಬಳಿ, ಅವರ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಗುದ್ದಲಿ ನೆಲಕ್ಕೆ ಬಿತ್ತು. ಮತ್ತೆ ಬಿತ್ತು. ಠಣ್ ಎಂದಿತು. ನಾನು, "ಯಾರಿಗೆ ಕಾಫಿ ಬೇಕು?" ಎಂದು ಎದ್ದು ಟಿವಿಗೆ ಅಡ್ಡ ನಿಂತೆ.

"ಅತ್ತೆ, ಸರೀರಿ" ಎಂದಳು ಹುಡುಗಿ.

ಸರಿದೆ. ಮುಚ್ಚಳ ಎದ್ದಿತು. ಹಾಸ್ಟೆಲಿನಲ್ಲಿ ಕಂಡಿದ್ದಕ್ಕಿಂತಲೂ ಹಳದಿಯಾಗಿತ್ತು. ಆ ಹಳದಿ ನಮ್ಮೆಲ್ಲರ ಮುಖದ ಮೇಲೆ ಬಿತ್ತು ಎಂದು ಬರೆಯುವ ಆಸೆಯನ್ನು ತಡೆದುಕೊಂಡಿದ್ದೇನೆ. ಮಧ್ಯಾಹ್ನದ ಬಿಸಿಲಿತ್ತು, ಯಾರ ಮುಖದ ಮೇಲೂ ಏನೂ ಬೀಳಲಿಲ್ಲ. ಕ್ಯಾಪ್ಟನ್ ನಾಣ್ಯಗಳನ್ನು ಮೊಗೆದು ಸುರಿದ. ಇನ್ನೊಬ್ಬ ಒಂದನ್ನು ಎತ್ತಿ ಹಲ್ಲಿನಿಂದ ಕಚ್ಚಿದ.

"ನೋಡು, ಕಚ್ಚಿದ" ಎಂದರು ದೊಡ್ಡಪ್ಪ.

ಹುಡುಗಿ ತಿರುಗಿ ಅವರ ಮುಖ ನೋಡಿದಳು. "ತಾತ, ಅದು ಚಿನ್ನ."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಅವರು ಒರೆಸಿ ಮುಗಿಸುವಷ್ಟರಲ್ಲಿ ನಾನು ಮಾತು ಶುರುಮಾಡಿದ್ದೆ. ಆಗಿನದು ಕಪ್ಪು ಬಿಳುಪು ಟಿವಿ, ಅಂಗೈಯಷ್ಟು, ಬ್ಯಾಟರಿ ಬೇರೆ ಇಳಿದಿತ್ತು, ಆಂಟೆನಾ ಹಿಡಿದಿದ್ದು ನಿಮ್ಮಪ್ಪ, ಅವನು ಸರಿಯಾಗಿ ಹಿಡಿದಿರಲಿಲ್ಲ, ಚಿನ್ನವೂ ಕಪ್ಪಗೇ ಕಾಣುತ್ತಿತ್ತು, ಅದಕ್ಕೇ ತಾತನಿಗೆ ಮೆಣಸು ಎಂದು ಕಾಣಿಸಿತು, ಅದು ಸುಳ್ಳಲ್ಲ, ಯಾರಿಗಾದರೂ ಹಾಗೇ ಕಾಣಿಸುತ್ತಿತ್ತು. ಒಂದೇ ಉಸಿರಿನಲ್ಲಿ ಇಷ್ಟೂ ಹೇಳಿದೆ.

"ಯಾರಿಗೆ ಕಾಣಿಸ್ತು?" ಬಾಗಿಲ ಕಡೆಯಿಂದ ದೊಡ್ಡಮ್ಮ ಕೇಳಿದರು. ಮೊರದಿಂದ ಕಣ್ಣೆತ್ತಿರಲಿಲ್ಲ.

"ದೊಡ್ಡಪ್ಪಂಗೆ."

"ನಿಮ್ಮ ದೊಡ್ಡಪ್ಪ ಎಲ್ಲಂದ್ರು? ಮೆಣ್ಸು ಅಂತ ಕೂಗಿದ್ದು ನೀನಲ್ವೇನೇ?"

ನಾನು ಅವರನ್ನೇ ನೋಡಿದೆ.

"ಮೂಟೆ ಮ್ಯಾಲೆ ಕೂತಿದ್ದೆ, ಕಾಲು ಇಳೇಬಿಟ್ಕಂಡು. ಪೆಟ್ಗೆ ತೆಗೀತಿದ್ದಂಗೆ ಮೆಣ್ಸು ಮೆಣ್ಸು ಅಂತ ಎದ್ದು ನಿಂತ್ಕಂಡೆ. ಸ್ಟೋರಿಗೆ ಸ್ಟೋರೇ ನಗಾಡ್ತು. ಆ ಮೇಸ್ತ್ರಿ ಅಂತೂ ನೆಲಕ್ಕೆ ಬಿದ್ದು ನಗಾಡ್ದ. ನಿನ್ನ ಮುಖ ಇಷ್ಟಾಗೋಯ್ತು. ಆಗ ನಿಮ್ಮ ದೊಡ್ಡಪ್ಪ, ಯಾಕ್ರಲಾ ನಗ್ತೀರ, ಮಗ ಸರಿಯಾಗೇ ಹೇಳೈತೆ, ಅದು ಮೆಣ್ಸೇ, ನೋಡ್ರಿ ಕಚ್ಚಿ ನೋಡ್ತಾವ್ನೆ ಅಂದ್ರು. ಆಮೇಲೆ ಯಾರೂ ಉಸ್ರು ಬುಡ್ಲಿಲ್ಲ. ರೈಟರ್ ಅಂದ್ಮೇಲೆ ಆಯ್ತಲ್ಲ."

ನನ್ನ ನೆನಪಿನಲ್ಲಿ ನಗುವಿಲ್ಲ. ಹುಡುಕಿದೆ, ಇಲ್ಲ. ನಾನು ಎದ್ದು ನಿಂತದ್ದೂ ಇಲ್ಲ. ಸ್ಟೋರಿನ ವಾಸನೆ ಇದೆ, ಗೋಣಿಚೀಲದ ನೂಲು ತೊಡೆಗೆ ಚುಚ್ಚಿದ್ದು ಇದೆ, ದೊಡ್ಡಪ್ಪನ ದನಿಯಲ್ಲಿ "ಮೆಣಸು" ಎಂಬುದಿದೆ. ಅವರ ದನಿ ಬಂದದ್ದು ನನ್ನ ದನಿಯ ಮೇಲೆ ಹೊದಿಸಲು ಎಂದು ದೊಡ್ಡಮ್ಮ ಹೇಳುತ್ತಿದ್ದಾರೆ. ಇದು ನಿಜವಾಗಿದ್ದರೆ, ಕಾಲೇಜಿನ ದಿನಗಳಿಂದ ದೊಡ್ಡಪ್ಪನ ಮಾನವನ್ನು ನಾನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಅದಕ್ಕೂ ಎಷ್ಟೋ ಮೊದಲಿನಿಂದ ಅವರು ನನ್ನದನ್ನು ಕಾಪಾಡುತ್ತಿದ್ದರು. ಹೇಳಿದ ಪ್ರತಿ ಮಗುವಿಗೂ ಮೆಣಸನ್ನೇ ಹೇಳಿದ್ದು ಅದಕ್ಕೆ. ಇದು ತುಂಬ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದರಿಂದಲೇ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ.

"ಹೌದಾ ದೊಡ್ಡಪ್ಪ?" ಎಂದು ಕೇಳಿದೆ.

ಅವರು ಕನ್ನಡಕ ಹಾಕಿಕೊಂಡರು. "ಇರಬೋದು. ನಂಗೆ ನೆನಪಿರೋದು ಬ್ಯಾಟ್ರಿ ಒಂದೇ. ಇಳೀತಾ ಐತೆ, ಇಳೀತಾ ಐತೆ, ನಾಳೆ ಟ್ರ್ಯಾಕ್ಟ್ರು ಸ್ಟಾರ್ಟ್ ಆಗ್ದೆ ಇದ್ರೆ ಸಾಹುಕಾರ್ರಿಗೆ ಏನು ರಿಪೋರ್ಟ್ ಬರೀಲಿ ಅಂತ."

"ಸ್ಟಾರ್ಟ್ ಆಯ್ತಾ?" ಅಣ್ಣ ಕೇಳಿದ.

"ಇಲ್ಲ. ತಳ್ಳಿದ್ವಿ."

"ಮೇಲಿಂದ ನಗೋದು ಕೇಳಿಸಿತ್ತಾ?" ಎಂದು ನಾನು ಅಣ್ಣನನ್ನು ಕೇಳಿದೆ. ಸಿನಿಮಾ ನೋಡದ ಏಕೈಕ ಸಾಕ್ಷಿ ಅವನೇ.

"ನಗು ಕೇಳಿಸ್ತು. ನಾನು ಆಂಟೆನಾ ಹಿಡಿದಿರೋದಕ್ಕೆ ನಗ್ತಾವ್ರೆ ಅಂದ್ಕಂಡಿದ್ದೆ. ಅವತ್ತಿಂದ ನಂಗೆ ಅದೇ ಸಿಟ್ಟು."

ಹುಡುಗಿ ಇದನ್ನೆಲ್ಲ ಲೆಕ್ಕದ ಪ್ರಶ್ನೆ ಬಿಡಿಸುವ ಮುಖದಲ್ಲಿ ಕೇಳಿಸಿಕೊಂಡಿದ್ದಳು. ಟಿವಿಯಲ್ಲಿ ಕಳ್ಳರು ನಾಣ್ಯದ ಮೇಲೆ ಹೊರಳಾಡುತ್ತಿದ್ದರು, ಯಾರೂ ಅವರತ್ತ ನೋಡುತ್ತಿರಲಿಲ್ಲ.

"ಅಂದ್ರೆ ತಾತ ರೀಲು ಬಿಟ್ಟಿಲ್ಲ" ಎಂದಳು. "ಅತ್ತೆ ಚಿಕ್ಕೋರಿದ್ದಾಗ ದಡ್ಡಿ ಆಗಿದ್ರು. ತಾತ ಪಾಪ ಅಂತ ಹೂಂ ಅಂದ್ರು. ನಾಳೆ ಸ್ಕೂಲಲ್ಲಿ ಹಂಗೇ ಹೇಳ್ತೀನಿ. ಪರ್ವಾಗಿಲ್ವ ಅತ್ತೆ?"

ಏಳನೇ ವಯಸ್ಸಿನಲ್ಲಿ ನನ್ನ ಮೇಲೆ ಬೀಳಬೇಕಿದ್ದ ನಗು ಇಷ್ಟು ವರ್ಷ ಎಲ್ಲೋ ಸುತ್ತಾಡಿ ವಾಪಸು ಬಂದಿತ್ತು. ನಾಳೆ ಬೆಳಿಗ್ಗೆ ಒಂದು ಕ್ಲಾಸಿಗೆ ಕ್ಲಾಸೇ ನಗುತ್ತದೆ. ತಾತನನ್ನು ನೋಡಿ ನಗುವುದಕ್ಕಿಂತ ಇದು ಎಷ್ಟೋ ವಾಸಿ.

"ಪರವಾಗಿಲ್ಲ" ಎಂದೆ.

"ದಡ್ಡಿ ಅಲ್ಲ ಕಣವ್ವ" ಎಂದರು ದೊಡ್ಡಪ್ಪ. "ಅವತ್ತಿನ ಪಿಚ್ಚರ್ ಹಂಗೇ ಇತ್ತು. ಎಲ್ಲಿ, ಅದರ ಬಾಯಿ ಮುಚ್ಸು. ಹಿಂದಕ್ಕೆ ಹೋಗು."

ಹುಡುಗಿ ಸದ್ದು ಪೂರ್ತಿ ಇಳಿಸಿ ಸಿನಿಮಾವನ್ನು ದ್ವೀಪದವರೆಗೆ ಹಿಂದಕ್ಕೆ ತಂದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಹೇಳತೊಡಗಿದರು. ಸಾಹುಕಾರ ಹಡಗಿಂದ ಇಳಿದ. ಆಳುಗಳಿಗೆ ಗುದ್ದಲಿ ಹಂಚಿದ. ಈ ಕಡೆ ಎರಡು ಗುಂಡಿ, ಆ ಕಡೆ ಒಂದು ಅಂದ. ಬಿಸಿಲು ಜಾಸ್ತಿ, ನೀರು ಕೊಡದೆ ಇದ್ರೆ ಅಗಿಯಲ್ಲ ಅಂದ್ರು ಆಳುಗಳು. ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಹೆಂಚಿನ ಮೇಲೆ ಕೇಳಿದ್ದು ಇದನ್ನೇ ಎಂದು ಅವನ ಮುಖ ಹೇಳುತ್ತಿತ್ತು. ಗುದ್ದಲಿ ಸದ್ದಿಲ್ಲದೆ ಬಿತ್ತು. ಮುಚ್ಚಳ ಎದ್ದಿತು.

ದೊಡ್ಡಪ್ಪ ಅಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ದೊಡ್ಡಮ್ಮನೂ ಮೊರದಿಂದ ಕಣ್ಣೆತ್ತಿದರು.

"ಮೆಣಸು" ಎಂದೆ.

ಯಾರೂ ನಗಲಿಲ್ಲ ಎಂದು ಬರೆಯುತ್ತಿದ್ದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ದೊಡ್ಡಪ್ಪ ನಕ್ಕರು.

ಪರದೆಯ ಮೇಲೆ ಕಳ್ಳ ಕಚ್ಚಿದ. ಹುಡುಗಿಯೂ ಎದ್ದು ಹೋಗಿ ದೊಡ್ಡಮ್ಮನ ಮೊರದಿಂದ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು.

"ಟಕ್ ಅಂತಾ?" ದೊಡ್ಡಪ್ಪ ಕೇಳಿದರು.

"ಇಲ್ಲ ತಾತ. ಮೆತ್ತಗೈತೆ."

"ಮತ್ತೆ ಇಷ್ಟು ಬೇಗ ಯಾಕೆ ಒಳಗೆ ತಂದ್ರಿ? ಇನ್ನೂ ಎರಡು ಗಂಟೆ ಬಿಸ್ಲೈತೆ" ಎಂದು ಹೇಳುತ್ತ ದೊಡ್ಡಪ್ಪ ಕುರ್ಚಿಯಿಂದ ಏಳತೊಡಗಿದರು. ನಾನೂ ಅಣ್ಣನೂ ಮೊರ, ಚೀಲ ಎತ್ತಿಕೊಂಡು ಕಣಕ್ಕೆ ಹೊರಟೆವು. ಹುಡುಗಿ ಖಾರಕ್ಕೆ ನಾಲಿಗೆ ಚಾಚಿಕೊಂಡೇ ನಮ್ಮ ಹಿಂದೆ ಬಂದಳು. ಟಿವಿಯನ್ನು ಆರಿಸಿದ್ದು ಯಾರೆಂದು ನೆನಪಿಲ್ಲ.